ಮನೆವಾರ್ತೆಯ ಹೊರೆ, ಎರಡು ಹೆಗಲು

ಭಾನುವಾರದ ಆರಾಧನೆ ಮುಗಿದು ಜನ ಅಂಗಳದಲ್ಲಿ ಮಾತಿಗೆ ನಿಂತಿರುವಾಗ ಪಕ್ಕದ ಕೋಣೆಯಲ್ಲಿ ಒಂದು ಸಣ್ಣ ಕೆಲಸ ನಡೆಯುತ್ತಿರುತ್ತದೆ. ಕಾಣಿಕೆ ಚೀಲಗಳನ್ನು ಮೇಜಿನ ಮೇಲೆ ಸುರಿದುಕೊಂಡು ಇಬ್ಬರೋ ಮೂವರೋ ಎಣಿಸುತ್ತಾರೆ. ನೋಟು ಒಂದು ಕಡೆ, ಚಿಲ್ಲರೆ ಒಂದು ಕಡೆ, ಹೆಸರು ಬರೆದ ಲಕೋಟೆಗಳು ಇನ್ನೊಂದು ಕಡೆ. ಮೊತ್ತವನ್ನು ಪುಸ್ತಕಕ್ಕೆ ಏರಿಸಿದ ಮೇಲೆ ಎಣಿಸಿದವರೆಲ್ಲ ಸಹಿ ಹಾಕುತ್ತಾರೆ. ಒಬ್ಬರು ನಿವೃತ್ತ ಶಿಕ್ಷಕಿ ಇರಬಹುದು, ಇನ್ನೊಬ್ಬರು ಬ್ಯಾಂಕಿನ ನೌಕರ, ಮತ್ತೊಬ್ಬರು ಕಾಲೇಜು ಓದುವ ಹುಡುಗ. ಯಾರಿಗೂ ಈ ಕೆಲಸಕ್ಕೆ ಸಂಬಳವಿಲ್ಲ. ಅಷ್ಟು ಹೊತ್ತಿಗೆ ಸಭಾಪಾಲಕರು ಮತ್ತೊಂದು ಹಳ್ಳಿಯ ಆರಾಧನೆಗೆಂದು ಹೊರಟೂ ಆಗಿರುತ್ತದೆ.

ಕರ್ನಾಟಕದ ಸಿ.ಎಸ್.ಐ. ಸಭಾಪ್ರಾಂತಗಳು, ಅಂದರೆ ದಕ್ಷಿಣ ಭಾರತ ಸಭೆಯ ಡಯಾಸಿಸ್‌ಗಳು, ಇಂಥ ನೂರಾರು ಮೇಜುಗಳ ಮೇಲೆ ನಿಂತಿವೆ. ಹೊರಗಿನವರ ಕಣ್ಣಿಗೆ ಬೀಳುವುದು ಬಿಷಪರ ನಿಲುವಂಗಿ, ದೊಡ್ಡ ದೇವಾಲಯ, ಹಳೆಯ ಶಾಲೆ, ಆಸ್ಪತ್ರೆ. ಇವುಗಳ ಹಿಂದೆ ಸಮಿತಿಗಳಲ್ಲಿ ಕೂರುವ, ನಡಾವಳಿ ಬರೆಯುವ, ಲೆಕ್ಕ ನೋಡುವ, ಭಾನುವಾರ ಶಾಲೆ ನಡೆಸುವ ಒಂದು ದೊಡ್ಡ ಸಮೂಹವಿದೆ. ಅವರಲ್ಲಿ ಹೆಚ್ಚಿನವರು ಶ್ರೀಸಾಮಾನ್ಯ ಸದಸ್ಯರು. ಸಭಾಪಾಲಕರಿಗೆ ಜೀವನಭತ್ಯೆ ಸಿಗುತ್ತದೆ, ನಿಜ. ಆದರೆ ತಮ್ಮ ಸಭೆಯ ಕೆಲಸದ ಆಚೆಗೆ ಅವರು ಹೊರುವ ವಲಯದ, ಮಂಡಳಿಗಳ, ಪರಿಷತ್ತಿನ ಹೊಣೆ ಬಹುಮಟ್ಟಿಗೆ ಸ್ವಇಚ್ಛೆಯ ದುಡಿಮೆಯೇ.

ಒಂದು ಪ್ರದೇಶದ ಸಭೆಯನ್ನು ಹೀಗೆ ಗುರುಗಳೂ ಶ್ರೀಸಾಮಾನ್ಯರೂ ಕೂಡಿ ನಡೆಸುವ ಪದ್ಧತಿ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದೇ ಈ ಲೇಖನದ ವಿಷಯ. ಕನ್ನಡ ಬೈಬಲ್ ಓದಿದವರಿಗೆ 'ಮನೆವಾರ್ತೆಯವನು' ಎಂಬ ಮಾತು ಗೊತ್ತು. ಮನೆ ಅವನದಲ್ಲ, ಯಜಮಾನನದು. ಆದರೆ ಕೀಲಿಕೈ ಅವನ ಕೈಯಲ್ಲಿ. ಒಂದು ದಿನ ಅವನು ಲೆಕ್ಕ ಒಪ್ಪಿಸಲೇಬೇಕು. ಸಭೆಯ ನಾಯಕತ್ವಕ್ಕೆ ಇದಕ್ಕಿಂತ ಸರಿಯಾದ ಹೆಸರು ನನಗೆ ತಿಳಿದಿಲ್ಲ.

ಬೇರೆ ಬೇರೆ ಊರುಗಳಿಂದ ಬಂದ ಪದ್ಧತಿಗಳು

ಕನ್ನಡ ನೆಲದ ಪ್ರಾಟೆಸ್ಟಂಟ್ ಸಭೆಗಳು ಒಂದೇ ಬೇರಿನಿಂದ ಚಿಗುರಿದವಲ್ಲ. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಕೆಲಸ ಆರಂಭಿಸಿದರು. 1820ರ ದಶಕದಲ್ಲಿ ವೆಸ್ಲಿಯನ್ನರು ಬೆಂಗಳೂರಿಗೆ ಬಂದು ಮುಂದೆ ಮೈಸೂರು ಸೀಮೆಗೆ ಹರಡಿಕೊಂಡರು. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿನಲ್ಲಿ ನೆಲೆನಿಂತರು. ಬೆಂಗಳೂರು ದಂಡಿನ ಆಂಗ್ಲಿಕನ್ನರು ಅದಕ್ಕೂ ಮೊದಲೇ, 1808ರಲ್ಲಿ, ಸಂತ ಮಾರ್ಕರ ದೇವಾಲಯಕ್ಕೆ ಅಡಿಗಲ್ಲು ಹಾಕಿದ್ದರು.

ಇವರು ತಂದದ್ದು ಬರೀ ಬೋಧನೆಯಲ್ಲ. ಸಭೆಯನ್ನು ಯಾರು ನಡೆಸಬೇಕು ಎಂಬ ಪ್ರಶ್ನೆಗೆ ಪ್ರತಿಯೊಬ್ಬರ ಬಳಿಯೂ ಒಂದೊಂದು ಉತ್ತರವಿತ್ತು. ಲಂಡನ್ ಮಿಷನ್ನಿನ ಸಭೆಗಳಲ್ಲಿ ಸದಸ್ಯರೆಲ್ಲ ಒಟ್ಟಾಗಿ ಕೂತು ತೀರ್ಮಾನಿಸುವ ರೂಢಿ. ವೆಸ್ಲಿಯನ್ನರ ಬಲವಿದ್ದದ್ದು ಶ್ರೀಸಾಮಾನ್ಯ ಬೋಧಕರಲ್ಲಿ: ದೀಕ್ಷೆ ಪಡೆದ ಗುರು ಒಬ್ಬ, ಅವನು ಸುತ್ತಬೇಕಾದ ಊರು ಹತ್ತಾರು, ಉಳಿದ ಭಾನುವಾರಗಳ ಪ್ರಸಂಗವೆಲ್ಲ ಹೊಲ ಉಳುವವನೋ ಶಾಲೆ ಮಾಸ್ತರನೋ ಮಾಡುವುದು. ಬಾಸೆಲ್ ಮಿಷನ್ನಿನವರು ಊರಿನ ಸಭೆಯೊಳಗಿಂದಲೇ 'ಹಿರಿಯ'ರನ್ನು ಆರಿಸಿ ಸಭಾಪಾಲಕರ ಜೊತೆ ಕೂರಿಸಿದರು. ಮನೆಜಗಳದಿಂದ ಹಿಡಿದು ಬಡವರ ನಿಧಿಯವರೆಗೆ ಎಲ್ಲವೂ ಆ ಹಿರಿಯರ ಮುಂದೆ ಬರುತ್ತಿತ್ತು. ಆಂಗ್ಲಿಕನ್ನರು ಬಿಷಪರ ಪರಂಪರೆಯನ್ನು ತಂದರು.

ಈ ಪದ್ಧತಿಗಳೆಲ್ಲ ಕಾಗದದ ಮೇಲೆ ಚೆನ್ನಾಗಿದ್ದರೂ ಮಿಷನ್ ಕಾಲದಲ್ಲಿ ನಿಜವಾದ ಕೀಲಿಕೈ ಮಿಷನರಿಗಳ ಕೈಯಲ್ಲೇ ಇತ್ತು ಎಂಬುದನ್ನು ಮರೆಯಬಾರದು. ಮಂಗಳೂರಿನ ಸಭೆಯ ದೊಡ್ಡ ತೀರ್ಮಾನಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದ ಸಮಿತಿಯಲ್ಲಿ ಆಗುತ್ತಿದ್ದವು. 1841ರ ಮುದ್ರಣಾಲಯ, 1865ರ ಹೆಂಚಿನ ಕಾರ್ಖಾನೆ, ನೇಯ್ಗೆಯ ಕೊಟ್ಟಿಗೆಗಳು ಇವೆಲ್ಲ ಊರಿನ ಕ್ರೈಸ್ತರಿಗೆ ಅನ್ನ ಕೊಟ್ಟವು, ಗೌರವವನ್ನೂ ಕೊಟ್ಟವು. ಆದರೆ ಧಣಿಯೂ ಗುರುವೂ ಒಬ್ಬನೇ ಆದ ಕಡೆ ಹಿರಿಯನ ಮಾತಿಗೆ ಎಷ್ಟು ತೂಕವಿದ್ದೀತು? ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರು ಬಾಸೆಲ್‌ನಲ್ಲೇ ಓದಿ 1851ರಲ್ಲಿ ಗುರುದೀಕ್ಷೆ ಪಡೆದರು. ಅಂಥವರು ಬಹಳ ಕಾಲ ಬೆರಳೆಣಿಕೆಯಷ್ಟೇ ಇದ್ದರು.

ಯುದ್ಧ ಹೊರಿಸಿದ ಹೊಣೆ

ಕೀಲಿಕೈ ಕೈ ಬದಲಿಸಿದ್ದು ಯಾರೂ ಬಯಸದ ರೀತಿಯಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧಿಸಿ ಶಿಬಿರಗಳಲ್ಲಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿತು. ಹೆಂಚಿನ ಕಾರ್ಖಾನೆ ಮತ್ತು ವ್ಯಾಪಾರದ ಭಾಗ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾಯಿತು. ಎಂಬತ್ತು ವರ್ಷ ಮಿಷನ್ನಿನ ನೆರಳಲ್ಲಿ ಬೆಳೆದ ಸಭೆಗಳ ಮೇಲಿನ ಚಪ್ಪರ ಒಮ್ಮೆಗೇ ಕಿತ್ತುಹೋಯಿತು.

ಆಗ ಸಭೆಗಳನ್ನು ಹಿಡಿದುಕೊಂಡವರು ಊರಿನ ಸಭಾಪಾಲಕರು, ಉಪದೇಶಿಗಳು ಮತ್ತು ಹಿರಿಯರು. ಬೇರೆ ಮಿಷನ್ನುಗಳು ಕೈಲಾದಷ್ಟು ನೆರವಾದವು. ಉತ್ತರದ ಕನ್ನಡ ಜಿಲ್ಲೆಗಳಲ್ಲಿ ಸ್ವಿಟ್ಜರ್‌ಲೆಂಡಿನದೇ ಆದ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಮುಂದೆ ಬಂತು. ಆದರೂ ಭಾನುವಾರ ಬೆಳಿಗ್ಗೆ ಗಂಟೆ ಹೊಡೆಯುವುದು, ಸತ್ತವರನ್ನು ಮಣ್ಣು ಮಾಡುವುದು, ಮಕ್ಕಳಿಗೆ ದೀಕ್ಷಾಸ್ನಾನ, ಶಾಲೆಯ ಮಾಸ್ತರರ ಸಂಬಳ ಇವು ಯಾವುವೂ ಯುದ್ಧ ಮುಗಿಯಲಿ ಎಂದು ಕಾಯುವಂಥವಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಮತ್ತೆ ಬಂಧನಕ್ಕೊಳಗಾದಾಗ ಸಭೆಗಳು ಮೊದಲ ಸಲದಷ್ಟು ಕಂಗಾಲಾಗಲಿಲ್ಲ. ಸ್ವಯಂಸೇವೆಯ ನಾಯಕತ್ವ ನಮ್ಮಲ್ಲಿ ಒಂದು ಆದರ್ಶವಾಗಿ ಹುಟ್ಟುವ ಮೊದಲೇ ಅನಿವಾರ್ಯವಾಗಿ ಹುಟ್ಟಿತ್ತು.

ಈ ಕಾಲದ ಸಭಾಪಾಲಕರನ್ನು ನೆನೆಯುವಾಗ ಉತ್ತಂಗಿ ಚನ್ನಪ್ಪನವರನ್ನು ಬಿಡುವಂತಿಲ್ಲ. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಅವರು ಸಭೆಯ ಕೆಲಸದ ನಡುವೆಯೇ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ವಚನ ಸಂಗ್ರಹಿಸಿ ಕೊಡಿ ಎಂದು ಯಾವ ಮಿಷನ್ನೂ ಅವರನ್ನು ನೇಮಿಸಿರಲಿಲ್ಲ. ಗುರುವಾದವನ ಸ್ವಯಂಸೇವೆ ಸಭೆಯ ಗೋಡೆಯ ಆಚೆಗೂ ನಾಡಿಗೆ ಎಷ್ಟು ಕೊಡಬಲ್ಲದು ಎಂಬುದಕ್ಕೆ ಅವರ ಬದುಕು ಸಾಕ್ಷಿ.

ತರಂಗಂಬಾಡಿಯಿಂದ ಮದ್ರಾಸಿಗೆ

ಇತ್ತ ಸಭೆಗಳು ಒಂದಾಗುವ ಮಾತು ಶುರುವಾಗಿತ್ತು. 1908ರಲ್ಲಿ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದವು. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ಕಡಲತಡಿಯ ತರಂಗಂಬಾಡಿಯಲ್ಲಿ 33 ಮಂದಿ ಸೇರಿದರು. ಹೆಚ್ಚಿನವರು ಭಾರತೀಯ ಗುರುಗಳು. ಭಾರತದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ವಿ.ಎಸ್. ಅಜರಯ್ಯ ಅವರಲ್ಲಿ ಪ್ರಮುಖರು. ಅವರು ತಮ್ಮ ತಮ್ಮ ಸಭೆಗಳ ಪ್ರತಿನಿಧಿಗಳಾಗಿ ಬಂದಿರಲಿಲ್ಲ, ತಾವಾಗಿಯೇ ಬಂದಿದ್ದರು. ಪಶ್ಚಿಮದ ಒಡಕುಗಳನ್ನು ನಾವೇಕೆ ಹೊತ್ತು ತಿರುಗಬೇಕು ಎಂಬುದು ಅವರ ಸಂಕಟ.

ಅಲ್ಲಿಂದ 28 ವರ್ಷ ಮಾತುಕತೆ ನಡೆಯಿತು. ದೊಡ್ಡ ಗಂಟು ಬಿಷಪರ ಪದವಿಯದು. ಬಿಷಪರನ್ನೇ ಕಾಣದ ಸಭೆಗಳು ಅವರನ್ನು ಒಪ್ಪುವುದು ಹೇಗೆ? ಬಿಷಪರಿಲ್ಲದ ಸಭೆಯನ್ನು ಆಂಗ್ಲಿಕನ್ನರು ಒಪ್ಪುವುದು ಹೇಗೆ? ಕೊನೆಗೆ ದೊರೆತ ಪರಿಹಾರ: ಬಿಷಪರು ಇರಲಿ, ಆದರೆ ಸಂವಿಧಾನಕ್ಕೆ ಒಳಪಟ್ಟು ಇರಲಿ; ಅವರ ಪಕ್ಕದಲ್ಲಿ ಗುರುಗಳೂ ಶ್ರೀಸಾಮಾನ್ಯರೂ ಇರುವ ಪರಿಷತ್ತು ಇರಲಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸಂತ ಜಾರ್ಜರ ಕಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದ್ಘಾಟನೆಯಾಯಿತು. ಆಗ 14 ಸಭಾಪ್ರಾಂತಗಳು, ಸುಮಾರು ಹತ್ತು ಲಕ್ಷ ಸದಸ್ಯರು. ದೇಶ ಸ್ವತಂತ್ರವಾಗಿ ಇನ್ನೂ ಆರು ವಾರವಷ್ಟೇ ಆಗಿತ್ತು.

1950ರಲ್ಲಿ ಈ ಸಭೆ ರೂಪಿಸಿಕೊಂಡ ಆರಾಧನಾ ಕ್ರಮದಲ್ಲಿ ಒಂದು ಅಂಶ ನನಗೆ ಬಹಳ ಪ್ರಿಯವಾದದ್ದು. ಕರ್ತನ ಭೋಜನದ ಆರಾಧನೆಯಲ್ಲಿ ಸಮಾಧಾನದ ವಂದನೆ ಮೇಜಿನ ಬಳಿ ನಿಂತ ಗುರುವಿನಿಂದ ಹೊರಟು ಕೈಯಿಂದ ಕೈಗೆ ದಾಟುತ್ತ ಕೊನೆಯ ಬೆಂಚಿನವರೆಗೆ ಹೋಗುತ್ತದೆ. ಸಂವಿಧಾನ ಕಲಮುಗಳಲ್ಲಿ ಹೇಳಿದ್ದನ್ನು ಆ ವಂದನೆ ಎರಡು ಅಂಗೈಗಳ ನಡುವೆ ಹೇಳುತ್ತದೆ.

ಕನ್ನಡ ನಾಡಿನಲ್ಲಿ ಮೊದಲು ಇದ್ದದ್ದು ಮೈಸೂರು ಸಭಾಪ್ರಾಂತ. 1970ರಲ್ಲಿ ಅದು ಮೂರಾಯಿತು: ಮಂಗಳೂರು ಕೇಂದ್ರವಾದ ದಕ್ಷಿಣ, ಧಾರವಾಡ ಕೇಂದ್ರವಾದ ಉತ್ತರ, ಬೆಂಗಳೂರು ಕೇಂದ್ರವಾದ ಮಧ್ಯ ಕರ್ನಾಟಕ ಸಭಾಪ್ರಾಂತಗಳು.

ಏಣಿಯ ಮೆಟ್ಟಿಲುಗಳು

ಇಂದಿನ ವ್ಯವಸ್ಥೆಯನ್ನು ಕೆಳಗಿನಿಂದ ಮೇಲಕ್ಕೆ ನೋಡುವುದು ಸರಿ. ತಳದಲ್ಲಿ ಊರಿನ ಸಭೆ. ಅದರ ಸದಸ್ಯರು ಮತ ಹಾಕಿ ಪಾಸ್ಟರೇಟ್ ಕಮಿಟಿಯನ್ನು ಆರಿಸುತ್ತಾರೆ. ಸಭಾಪಾಲಕರು ಅದರ ಅಧ್ಯಕ್ಷರು. ಕಾರ್ಯದರ್ಶಿ, ಖಜಾಂಚಿ ಸಾಮಾನ್ಯವಾಗಿ ಶ್ರೀಸಾಮಾನ್ಯರು. ವಂತಿಗೆ ಎತ್ತುವುದು, ಮಂದಿರದ ಹಂಚು ಬದಲಿಸುವುದು, ಸಮಾಧಿ ತೋಟದ ಬೇಲಿ, ಬೆಳೆ ಹಬ್ಬದ ಹರಾಜು ಎಲ್ಲವೂ ಈ ಕಮಿಟಿಯ ತಲೆನೋವು. ಬೆಳೆ ಹಬ್ಬದ ದಿನ ಒಂದು ಬಾಳೆಗೊನೆಯನ್ನೋ ಹಲಸಿನ ಹಣ್ಣನ್ನೋ ಹತ್ತು ಸಲ ಹರಾಜು ಕೂಗಿ ಹತ್ತು ಪಟ್ಟು ದುಡ್ಡು ಮಾಡುವ ಜಾಣ ಪ್ರತಿ ಸಭೆಯಲ್ಲೂ ಒಬ್ಬನಿರುತ್ತಾನೆ. ಆ ದುಡ್ಡಿನಿಂದ ಎಷ್ಟೋ ಮಂದಿರಗಳ ಗೋಡೆ ಎದ್ದಿದೆ.

ಅದರ ಮೇಲೆ ಸಭಾಪ್ರಾಂತದ ಪರಿಷತ್ತು. ಸೇವೆಯಲ್ಲಿರುವ ಸಭಾಪಾಲಕರೂ ಸಭೆಗಳಿಂದ ಆರಿಸಿ ಬಂದ ಶ್ರೀಸಾಮಾನ್ಯರೂ ಇಲ್ಲಿ ಬಿಷಪರ ಅಧ್ಯಕ್ಷತೆಯಲ್ಲಿ ಒಂದೇ ಸೂರಿನಡಿ ಕೂರುತ್ತಾರೆ. ಪದಾಧಿಕಾರಿಗಳನ್ನು, ಕಾರ್ಯಕಾರಿ ಸಮಿತಿಯನ್ನು, ಶಿಕ್ಷಣ, ವೈದ್ಯಕೀಯ, ಆಸ್ತಿ, ಸುವಾರ್ತೆ ಮುಂತಾದ ವಿಭಾಗಗಳನ್ನು ನಡೆಸುವವರನ್ನು ಆರಿಸುತ್ತಾರೆ. ಬಿಷಪರ ಸ್ಥಾನ ತೆರವಾದಾಗಲೂ ಪರಿಷತ್ತು ಮತ ಹಾಕಿ ಹೆಸರುಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತದೆ. ಅದರಿಂದ ಒಬ್ಬರನ್ನು ಆರಿಸುವುದು ಸಿನಡ್‌ನ ಕೆಲಸ. ಸಿನಡ್ ಎಂದರೆ ದಕ್ಷಿಣದ ಎಲ್ಲ ಸಭಾಪ್ರಾಂತಗಳ ಮಹಾಸಭೆ. ಆಸ್ತಿಪಾಸ್ತಿಯ ಒಡೆತನ 1947ರಲ್ಲಿ ಕಂಪನಿ ಕಾಯಿದೆಯಡಿ ನೋಂದಣಿಯಾದ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್‌ನದು.

ಈ ವ್ಯವಸ್ಥೆಯ ಕೈಗೆ ಬಂದ ಸಂಸ್ಥೆಗಳ ಭಾರವನ್ನು ನೆನೆದರೆ ಸ್ವಯಂಸೇವಕರ ಹೊಣೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಡಾ. ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ತೆರೆದ, ಊರವರು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ, ಗದಗ-ಬೆಟಗೇರಿಯ ಆಸ್ಪತ್ರೆ, ಧಾರವಾಡದ ಕಿಟೆಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಇವುಗಳ ಆಡಳಿತ ಮಂಡಳಿಗಳಲ್ಲಿ ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ಶಿಕ್ಷಕರು ಸಂಜೆಯ ಬಿಡುವನ್ನು ಕೊಟ್ಟು ಕೂರುತ್ತ ಬಂದಿದ್ದಾರೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತೇವೆ. ಆ ಹತ್ತು ಜನ ಹಿಂದೆ ಸರಿದ ದಿನ ಈ ಹೊರೆಯನ್ನು ಯಾವ ಬಿಷಪರೂ ಒಬ್ಬರೇ ಹೊರಲಾರರು.

ನೆರೆಮನೆಯ ಪಾಠ

ಕಥೋಲಿಕ ಸಭೆಯ ಕ್ರಮ ಬೇರೆ. ಅಲ್ಲಿ ಧರ್ಮಾಧ್ಯಕ್ಷರನ್ನು ಪೋಪರು ನೇಮಿಸುತ್ತಾರೆ. ಆದರೂ ಕರಾವಳಿಯ ಕಥೋಲಿಕರಲ್ಲಿ ಶ್ರೀಸಾಮಾನ್ಯರ ಮುಂದಾಳುತನಕ್ಕೆ ಹಳೆಯ ಬೇರಿದೆ. ಊರೂರಿನ ಕ್ರೈಸ್ತರಿಗೆ ಮುಖಂಡರಾಗಿದ್ದ 'ಗುರ್ಕಾರ'ರು ಗುರುಗಳಿಲ್ಲದ ಕಾಲದಲ್ಲಿ ವಿಶ್ವಾಸವನ್ನು ಕಾಯ್ದವರು. ಆ ಹೆಸರು ಇಂದಿಗೂ 'ವಾಳೆ'ಯ, ಅಂದರೆ ಚರ್ಚಿನ ವಾರ್ಡಿನ, ಮುಖ್ಯಸ್ಥರಿಗೆ ಉಳಿದಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ ಸೇವೆಯ ಬಗ್ಗೆ ಪ್ರತ್ಯೇಕ ಆದೇಶವನ್ನೇ ಹೊರಡಿಸಿದ ಮೇಲೆ ಚರ್ಚುಗಳಲ್ಲಿ ಪಾಲನಾ ಮಂಡಳಿಗಳು ಬಲಗೊಂಡವು. 1983ರ ಧರ್ಮಸಭಾ ಕಾನೂನಿನಂತೆ ಪಾಲನಾ ಮಂಡಳಿಯದು ಸಲಹೆಯ ಅಧಿಕಾರ ಮಾತ್ರ. ಆದರೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು.

ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯಲ್ಲಿ ಗುರುಗಳೂ ಶ್ರೀಸಾಮಾನ್ಯರೂ ಸೇರಿದ ಮಲಂಕರ ಅಸೋಸಿಯೇಷನ್ 1876ರಿಂದಲೂ ಇದ್ದು, ಸಭೆಯ ಮುಖ್ಯಸ್ಥರನ್ನು ಆರಿಸುವುದೇ ಅದು. ಬಿಷಪರ ಪರಂಪರೆಯನ್ನು ಬಿಗಿಯಾಗಿ ಹಿಡಿದ ಸಭೆಯೂ ಶ್ರೀಸಾಮಾನ್ಯರ ಮತಕ್ಕೆ ಜಾಗ ಕೊಡಬಲ್ಲದು ಎಂದಾಯಿತು. ಮತ ಇದ್ದ ಕಡೆ ಚುನಾವಣೆಯ ರಾಗದ್ವೇಷವೂ ಇರುತ್ತದೆ, ಸಲಹೆ ಮಾತ್ರ ಇದ್ದ ಕಡೆ ಒಳ್ಳೆಯ ಮಾತು ಕಡತದಲ್ಲೇ ಉಳಿಯುವ ಅಪಾಯವಿರುತ್ತದೆ. ಎರಡನ್ನೂ ತೂಗಿ ನೋಡಿದರೆ ಮತದ ದಾರಿಯೇ ಮೇಲೆಂದು ನಾನು ನಂಬುತ್ತೇನೆ. ಹೊಣೆ ಹೊರುವವನಿಗೆ ಕೇಳುವ ಹಕ್ಕೂ ಇರಬೇಕು.

ಹಿಡಿ ಅಕ್ಕಿಯವರ ಸ್ಥಾನ

ಸ್ವಯಂಸೇವೆಯ ಲೆಕ್ಕದಲ್ಲಿ ಮೊದಲು ಬರಬೇಕಾದವರು ಹೆಣ್ಣುಮಕ್ಕಳು, ಅಧಿಕಾರದ ಲೆಕ್ಕದಲ್ಲಿ ಕೊನೆಗೆ ಬರುವವರೂ ಅವರೇ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ತೆಗೆದಿಟ್ಟು ಸಭೆಗೆ ಕೊಡುವ ರೂಢಿಯಿಂದ ಎಷ್ಟೋ ಬಡ ಸಭೆಗಳು ಉಪದೇಶಿಯ ಹೊಟ್ಟೆ ತುಂಬಿಸಿವೆ. ಭಾನುವಾರ ಶಾಲೆಯ ಪಾಠ, ಮನೆಮನೆಯ ಪ್ರಾರ್ಥನೆ, ರೋಗಿಗಳ ಭೇಟಿ, ಸ್ತ್ರೀಯರ ಕೂಟದ ಕೆಲಸ ನಿಂತರೆ ಸಭೆ ಒಂದು ತಿಂಗಳೂ ನಡೆಯದು.

ದಕ್ಷಿಣ ಭಾರತ ಸಭೆ 1976ರಲ್ಲೇ ಮಹಿಳೆಗೆ ಗುರುದೀಕ್ಷೆ ಕೊಟ್ಟಿತು. ಇಂಗ್ಲೆಂಡಿನ ಸಭೆ ಆ ಹೆಜ್ಜೆ ಇಟ್ಟದ್ದು 1994ರಲ್ಲಿ. 2013ರಲ್ಲಿ ನಂದ್ಯಾಲದ ಬಿಷಪರಾಗಿ ಇ. ಪುಷ್ಪಲಲಿತಾ ಅಭಿಷೇಕಗೊಂಡರು; ಈ ಸಭೆಯ ಮೊದಲ ಮಹಿಳಾ ಬಿಷಪ್ ಅವರು. ಇದು ಅಭಿಮಾನದ ಸಂಗತಿಯೇ. ಆದರೆ ಊರಿನ ಕಮಿಟಿಯ ಪಟ್ಟಿ ತೆಗೆದು ನೋಡಿ. ಚಹಾ ಕೊಡುವವರು ಯಾರು, ನಡಾವಳಿಗೆ ಸಹಿ ಹಾಕುವವರು ಯಾರು ಎಂದು ಒಮ್ಮೆ ಕೇಳಿಕೊಳ್ಳಿ. ಕಾಣಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ದುಡಿಮೆ ಯಾರದೋ ಅವರ ಕೈಯಲ್ಲಿ ಖಜಾನೆಯ ಪುಸ್ತಕವೂ ಇರಬೇಕಲ್ಲವೇ? ಯುವಕರ ಮಾತೂ ಹೀಗೆಯೇ. ಗಾಯನ ಮಂಡಳಿಗೂ ಕುರ್ಚಿ ಜೋಡಿಸುವುದಕ್ಕೂ ಬೇಕಾದವರು ತೀರ್ಮಾನದ ಹೊತ್ತಿಗೆ ಮಕ್ಕಳಾಗಿಬಿಡುತ್ತಾರೆ.

ಎಲ್ಲಿ ಹದಗೆಡುತ್ತದೆ

ಈ ಪದ್ಧತಿಯನ್ನು ಪ್ರೀತಿಸುವವರು ಅದರ ರೋಗಗಳನ್ನೂ ಹೆಸರಿಟ್ಟು ಹೇಳಬೇಕು. ಮೊದಲನೆಯದು, ಸೇವೆ ನಿಧಾನವಾಗಿ ಸ್ವತ್ತಾಗುವುದು. ಇಪ್ಪತ್ತು ವರ್ಷ ಪ್ರಾಮಾಣಿಕವಾಗಿ ದುಡಿದ ಖಜಾಂಚಿಗೆ ಆ ಕುರ್ಚಿ ತನ್ನದೇ ಅನ್ನಿಸತೊಡಗುತ್ತದೆ. ಲೆಕ್ಕ ಕೇಳಿದರೆ ಅವಮಾನವೆನ್ನಿಸುತ್ತದೆ. ಸಂಬಳವಿಲ್ಲದ ಕೆಲಸಕ್ಕೆ ಪ್ರಶ್ನೆಯೂ ಇರಬಾರದು ಎಂಬ ಭಾವನೆ ಎಷ್ಟೋ ಒಳ್ಳೆಯವರನ್ನೂ ಕೆಡಿಸಿದೆ.

ಎರಡನೆಯದು ಚುನಾವಣೆ. ಜಾತಿ, ಭಾಷೆ, ಊರು, ಕುಟುಂಬದ ಗುಂಪುಗಳು ಪರಿಷತ್ತಿನೊಳಗೂ ಕಾಲಿಡುತ್ತವೆ. ಕನ್ನಡ, ತಮಿಳು, ತೆಲುಗು, ಮಲಯಾಳಂ, ಇಂಗ್ಲಿಷ್ ಸಭೆಗಳು ಒಂದೇ ಸಭಾಪ್ರಾಂತದಲ್ಲಿರುವ ಬೆಂಗಳೂರಿನಂಥ ಕಡೆ ಯಾರಿಗೆ ಎಷ್ಟು ಸ್ಥಾನ ಎಂಬ ಪ್ರಶ್ನೆ ಸುವಾರ್ತೆಯ ಪ್ರಶ್ನೆಯನ್ನು ನುಂಗಿಬಿಡುವುದುಂಟು. ಸಿನಡ್ ಮಟ್ಟದಲ್ಲಿ ಚುನಾವಣೆ ಮತ್ತು ಬಿಷಪರ ನಿವೃತ್ತಿ ವಯಸ್ಸಿನ ತಿದ್ದುಪಡಿಯ ಜಗಳ ನ್ಯಾಯಾಲಯಕ್ಕೆ ಹೋಯಿತು. 2024ರಲ್ಲಿ ಮದ್ರಾಸ್ ಹೈಕೋರ್ಟು ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿದ್ದೂ, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಸಭೆಯನ್ನು ಪ್ರೀತಿಸುವ ಎಲ್ಲರಿಗೂ ನೋವಿನ ಸಂಗತಿ. ಮನೆಯ ಲೆಕ್ಕವನ್ನು ಮನೆಯವರೇ ನೋಡಿಕೊಳ್ಳಲಾರದಾಗ ಬೀದಿಯವರನ್ನು ಕರೆಯಬೇಕಾಗುತ್ತದೆ.

ಮೂರನೆಯದು ದಣಿವು. ಒಬ್ಬ ಸಭಾಪಾಲಕರಿಗೆ ನಾಲ್ಕೈದು ಹಳ್ಳಿಯ ಸಭೆಗಳು, ಜೊತೆಗೆ ಸಮಿತಿಗಳು. ಕೆಲಸಕ್ಕೆ ಹೋಗುವ ಶ್ರೀಸಾಮಾನ್ಯನಿಗೆ ಮನೆ, ಕಚೇರಿ, ಆಮೇಲೆ ಸಭೆ. ಇತ್ತ ಕಾನೂನುಗಳೂ ಬಿಗಿಯಾಗುತ್ತಿವೆ: ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿ, ಆದಾಯ ತೆರಿಗೆ, ಆಸ್ಪತ್ರೆ ಶಾಲೆಗಳ ನಿಯಮಗಳು. ಒಳ್ಳೆಯ ಮನಸ್ಸೊಂದೇ ಇಲ್ಲಿ ಸಾಲದು, ತಿಳಿವಳಿಕೆಯೂ ಬೇಕು.

ಮದ್ದು ಹೊಸದೇನಲ್ಲ. ಹುದ್ದೆಗೆ ಅವಧಿಯ ಮಿತಿ ಇರಲಿ. ಇಳಿದವರು ಬರುವವರಿಗೆ ಕೆಲಸ ಕಲಿಸಿಕೊಡಲಿ. ಪರಿಶೋಧನೆಯಾದ ಲೆಕ್ಕ ಕನ್ನಡದಲ್ಲಿ, ಅಜ್ಜಿಗೂ ಅರ್ಥವಾಗುವಂತೆ, ಮಂದಿರದ ಗೋಡೆಯ ಮೇಲೆ ಬರಲಿ. ಕಮಿಟಿಗೆ ಆರಿಸಿ ಬಂದವರಿಗೆ ಕಾನೂನು, ಲೆಕ್ಕಪತ್ರ, ನಡಾವಳಿ ಬರೆಯುವ ಕ್ರಮ ಕಲಿಸುವ ಎರಡು ದಿನದ ಶಿಬಿರವನ್ನು ಸಭಾಪ್ರಾಂತ ಕಡ್ಡಾಯ ಮಾಡಲಿ. ಗುರುಗಳಾಗಲು ಓದುವವರಿಗೂ ಆಡಳಿತದ ಪಾಠವಿರಲಿ. ಹೆಣ್ಣುಮಕ್ಕಳಿಗೂ ಯುವಕರಿಗೂ ಸ್ಥಾನ ದಯೆಯಿಂದ ಸಿಗದೆ ನಿಯಮದಿಂದ ಸಿಗಲಿ. ಆಸ್ತಿ ಗುತ್ತಿಗೆಗೆ ಕೊಡುವ ಯಾವ ತೀರ್ಮಾನವೂ ಆ ಊರಿನ ಸಭೆಗೆ ಗೊತ್ತಿಲ್ಲದೆ ಆಗದಿರಲಿ.

ಗುರುವೊಬ್ಬನೇ ನಡೆಸಿದರೆ ಸಭೆ ಅವನ ಗುಣದೋಷಕ್ಕೆ ಕಟ್ಟುಬೀಳುತ್ತದೆ. ಶ್ರೀಸಾಮಾನ್ಯರು ಮಾತ್ರ ನಡೆಸಿದರೆ ಅದು ಸಂಘವಾಗಬಹುದು, ಸಭೆಯಾಗದು. ತರಂಗಂಬಾಡಿಗೆ ಹೋದವರೂ, ಯುದ್ಧಕಾಲದಲ್ಲಿ ಮಂದಿರದ ಬಾಗಿಲು ತೆರೆದಿಟ್ಟ ಹಿರಿಯರೂ ನಮಗೆ ಬಿಟ್ಟುಹೋದದ್ದು ಎರಡು ಹೆಗಲಿನ ಈ ಹೊರೆಯನ್ನು. ಒಂದು ಹೆಗಲು ಜಾರಿದರೆ ಇನ್ನೊಂದು ಬಾಗುತ್ತದೆ.

ಆರಾಧನೆಯಲ್ಲಿ ಸಮಾಧಾನದ ವಂದನೆ ದಾಟಿಸುವ ಕೈಗಳೂ ಪಕ್ಕದ ಕೋಣೆಯಲ್ಲಿ ಚಿಲ್ಲರೆ ಎಣಿಸುವ ಕೈಗಳೂ ಬೇರೆಯಲ್ಲ. ಎಣಿಸಿ, ಪುಸ್ತಕಕ್ಕೆ ಬರೆದು, ಮೂವರೂ ಸಹಿ ಹಾಕಿ ಕೋಣೆಯ ಬಾಗಿಲು ಎಳೆದುಕೊಳ್ಳುವಾಗ ಅವರು ಮಾಡುತ್ತಿರುವುದು ಆರಾಧನೆಯ ಮುಂದುವರಿಕೆಯೇ.